ಪಿಯುಸಿ ನಂತರದ ಎರಡು ಓದು: ಕಟ್ಟಡದ ಲೆಕ್ಕ, ಹಲ್ಲಿನ ಲೆಕ್ಕ



ನೀಟ್‌ನಲ್ಲಿ ಸೀಟು ಸಿಗದಿದ್ದರೆ ಮುಂದೇನು ಎಂಬ ಪ್ರಶ್ನೆ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮನೆಮನೆಗಳಲ್ಲಿ ಏಳುತ್ತದೆ. ಉತ್ತರವನ್ನು ಹೆಚ್ಚಾಗಿ ನೆರೆಹೊರೆಯವರು ಕೊಡುತ್ತಾರೆ. ಕೋರ್ಸಿನ ಹೆಸರು ಹೇಳುವವರು ಸಾಕಷ್ಟಿದ್ದಾರೆ, ಒಳಗೆ ಏನು ಕಲಿಸುತ್ತಾರೆಂದು ಹೇಳುವವರು ಕಡಿಮೆ. ಆದ್ದರಿಂದ ಈ ಸಂಚಿಕೆಯಲ್ಲಿ ಎರಡು ಕೋರ್ಸುಗಳ ಒಂದೊಂದು ಪಾಠವನ್ನೇ ನೋಡೋಣ.

ಮೊದಲನೆಯದು ನಿರ್ಮಾಣ ನಿರ್ವಹಣೆ, ಅಂದರೆ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್. ನಮ್ಮಲ್ಲಿ ಇದು ಸಿವಿಲ್ ಎಂಜಿನಿಯರಿಂಗ್‌ನ ಒಂದು ವಿಷಯವಾಗಿಯೂ ಸ್ನಾತಕೋತ್ತರ ಹಂತದಲ್ಲಿ ಪ್ರತ್ಯೇಕ ಕೋರ್ಸಾಗಿಯೂ ಇದೆ. 1983ರಲ್ಲಿ ಶುರುವಾದ ಪುಣೆಯ ನಿಕ್ಮಾರ್ ಇದಕ್ಕೆ ಹೆಸರಾದ ಸಂಸ್ಥೆ. ಇದರ ಹೃದಯ ಎನ್ನಬಹುದಾದ ಪಾಠ 'ಕ್ರಿಟಿಕಲ್ ಪಾತ್'. 1957ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ರೂಪುಗೊಂಡ ಈ ವಿಧಾನಕ್ಕೆ ಕೂಡುವ ಕಳೆಯುವ ಲೆಕ್ಕ ಬಂದರೆ ಸಾಕು.

ಒಂದು ಸಣ್ಣ ಮನೆಯನ್ನು ತೆಗೆದುಕೊಳ್ಳಿ. ಪಾಯ 8 ದಿನ. ಅದಾದ ಮೇಲೆ ಗೋಡೆ 12 ದಿನ. ನಂತರ ಸೆಂಟ್ರಿಂಗ್, ಕಬ್ಬಿಣ, ಕಾಂಕ್ರೀಟ್ ಸೇರಿ ತಾರಸಿ 6 ದಿನ. ತಾರಸಿ ಗಟ್ಟಿಯಾಗಲು 14 ದಿನ. ಪ್ಲಾಸ್ಟರ್ 7 ದಿನ, ಬಾಗಿಲು ಜೋಡಣೆ 3 ದಿನ, ಬಣ್ಣ 5 ದಿನ. ಇವೆಲ್ಲ ಒಂದರ ಹಿಂದೊಂದು ಬರುವ ಕೆಲಸಗಳು, ಕೂಡಿದರೆ 55 ದಿನ. ಬಾಗಿಲು ತಯಾರಿಸುವ ಬಡಗಿಗೆ ಬೇಕಾದದ್ದು 20 ದಿನ, ಆದರೆ ಅವನು ಮೊದಲ ದಿನವೇ ತನ್ನ ಅಂಗಡಿಯಲ್ಲಿ ಕೆಲಸ ಶುರು ಮಾಡಬಹುದು. ಬಾಗಿಲು ಬೇಕಾಗುವುದು ಪ್ಲಾಸ್ಟರ್ ಮುಗಿದ ಮೇಲೆ, ಅಂದರೆ 47 ದಿನ ಕಳೆದ ನಂತರ. ಹಾಗಾಗಿ ಅವನಿಗೆ 27 ದಿನಗಳ ಬಿಡುವಿದೆ. ಇದಕ್ಕೆ 'ಫ್ಲೋಟ್' ಎನ್ನುತ್ತಾರೆ.

ಈಗ ನೋಡಿ: ಬಡಗಿ ಹತ್ತು ದಿನ ತಡಮಾಡಿದರೂ ಮನೆ 55ನೇ ದಿನಕ್ಕೇ ಮುಗಿಯುತ್ತದೆ. ಗಾರೆ ಮೇಸ್ತ್ರಿ ಎರಡು ದಿನ ಮದುವೆಗೆ ಹೋದರೆ 57 ಆಗುತ್ತದೆ. ಮನೆ ಯಜಮಾನರು ಮಾತ್ರ ಸಾಮಾನ್ಯವಾಗಿ ಬಡಗಿಯ ಮೇಲೆಯೇ ರೇಗುತ್ತಿರುತ್ತಾರೆ! ಬಿಡುವೇ ಇಲ್ಲದ ಕೆಲಸಗಳ ಸರಪಳಿಯೇ ಕ್ರಿಟಿಕಲ್ ಪಾತ್. ಒಟ್ಟು ಅವಧಿ ಕಡಿಮೆಯಾಗಬೇಕಾದರೆ ಈ ಸರಪಳಿಯಲ್ಲೇ ಕಡಿಮೆ ಮಾಡಬೇಕು. ಇನ್ನಿಬ್ಬರು ಮೇಸ್ತ್ರಿಗಳನ್ನು ಕರೆಸಿ ಗೋಡೆಯನ್ನು 8 ದಿನಕ್ಕೆ ಮುಗಿಸಿದರೆ 51 ದಿನಕ್ಕೆ ಬೀಗದ ಕೈ ಕೊಡಬಹುದು.

ಆದರೆ ಆ 14 ದಿನಗಳನ್ನು? ಅಲ್ಲಿ ಯಾರೂ ಕೆಲಸ ಮಾಡುತ್ತಿರುವಂತೆ ಕಾಣುವುದಿಲ್ಲ. ತಾರಸಿಗೆ ನೀರು ನಿಲ್ಲಿಸಿರುತ್ತಾರೆ, ಕೆಳಗೆ ಊರುಗಂಬಗಳು ಬಾಡಿಗೆ ಎಣಿಸುತ್ತ ನಿಂತಿರುತ್ತವೆ. ಅದಕ್ಕೇ ಎಲ್ಲರ ಕಣ್ಣು ಮೊದಲು ಬೀಳುವುದು ಅಲ್ಲಿಗೆ. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಆ ಕ್ರಿಯೆ ಕೂಲಿ ಹೆಚ್ಚಿಸಿದರೆ ವೇಗವಾಗದು. ಎಂ20 ಕಾಂಕ್ರೀಟು ತನ್ನ ಹೆಸರಿನ ಬಲ ಮುಟ್ಟಬೇಕಾದದ್ದು 28ನೇ ದಿನಕ್ಕೆ. ಏಳನೇ ದಿನ ಅದರ ಸುಮಾರು ಮೂರನೇ ಎರಡು ಭಾಗವಷ್ಟೇ ಬಂದಿರುತ್ತದೆ. ಭಾರತೀಯ ಮಾನಕ ಐಎಸ್ 456ರ ಪ್ರಕಾರ 4.5 ಮೀಟರಿನವರೆಗಿನ ಹರವಿನ ತಾರಸಿಯ ಊರುಗಂಬಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ತೆಗೆಯುವಂತಿಲ್ಲ. ಇದು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ, ಪಿಪಿಸಿ ಬಳಸಿದರೆ ಇನ್ನೂ ಹೆಚ್ಚು ಕಾಯಬೇಕು. ಅವಸರಪಟ್ಟು ಗಂಬ ಎಳೆದಾಗ ತಾರಸಿಯ ಕೆಳಗಿರುವವರು ಯಜಮಾನರೂ ಅಲ್ಲ, ಎಂಜಿನಿಯರೂ ಅಲ್ಲ, ದಿನಗೂಲಿಯವರು. 'ಇಂದು ಬೇಡ' ಎಂದು ಹೇಳಿ, ಏಕೆ ಬೇಡವೆಂದು ಲೆಕ್ಕ ತೋರಿಸಬಲ್ಲ ವ್ಯಕ್ತಿಯನ್ನು ತಯಾರಿಸುವುದೇ ಈ ಓದಿನ ಕೆಲಸ ಎಂದು ನನ್ನ ಅಭಿಪ್ರಾಯ.

ನಮ್ಮ ಕಾಲೇಜಿನಲ್ಲಿ ತಂದೆ ಗಾರೆ, ಸೆಂಟ್ರಿಂಗ್, ಟೈಲ್ಸ್ ಕೆಲಸ ಮಾಡುವ ಮಕ್ಕಳಿದ್ದೀರಿ. ನಿಮಗೊಂದು ಮಾತು: 18ರಿಂದ 60 ವಯಸ್ಸಿನೊಳಗಿದ್ದು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸದಲ್ಲಿ ದುಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಮಕ್ಕಳ ಓದಿಗೆ ನೆರವೂ ಅಲ್ಲಿದೆ. ತಂದೆಯ ಕಾರ್ಡು ಆಗಿದೆಯೇ ಎಂದು ಇಂದೇ ಕೇಳಿ.

ಎರಡನೆಯದು ಡೆಂಟಲ್ ಹೈಜೀನ್, ಎರಡು ವರ್ಷದ ಡಿಪ್ಲೊಮಾ. ಇದನ್ನು ಬಿಡಿಎಸ್‌ನ ಸಣ್ಣ ರೂಪವೆಂದು ತಿಳಿಯುವುದು ಬೇಡ. 1948ರ ದಂತವೈದ್ಯರ ಕಾಯ್ದೆಯೇ ದಂತವೈದ್ಯರಿಂದ ಬೇರೆಯಾಗಿ ಹೈಜಿನಿಸ್ಟ್ ಯಾರೆಂದು ಹೇಳಿತ್ತು: ಹಲ್ಲಿನ ಪಾಚಿ ತೆಗೆದು ಸ್ವಚ್ಛಗೊಳಿಸಿ ಹೊಳಪು ಕೊಡುವವರು, ಬಾಯಿಯ ಶುಚಿತ್ವ ಕಲಿಸುವವರು. ಹಲ್ಲು ಕೀಳುವುದು, ಕೊರೆಯುವುದು ಇವರ ಕೆಲಸವಲ್ಲ.

ಇಲ್ಲಿಯೂ ರಸಾಯನಶಾಸ್ತ್ರವೇ ಅಡಿಪಾಯ. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಕರಗತೊಡಗುತ್ತದೆ ಎಂದು ಹತ್ತನೇ ತರಗತಿಯಲ್ಲೇ ಓದಿದ್ದೀರಿ. ದೇಹದಲ್ಲೇ ಅತ್ಯಂತ ಗಟ್ಟಿಯಾದ ಈ ವಸ್ತು ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಹಲ್ಲಿನ ಮೇಲೆ ಕೂರುವ ಮೆತ್ತನೆಯ ಪ್ಲಾಕ್ ಬ್ರಷ್‌ಗೆ ಹೋಗುತ್ತದೆ. ಪ್ರತಿ ನಮಾಝಿಗೆ ಮುಂಚೆ ಮಿಸ್ವಾಕ್ ಮಾಡುವವರಿಗೆ ಇದರ ಬೆಲೆ ಗೊತ್ತು. ಆದರೆ ಎರಡು ಹಲ್ಲುಗಳ ಸಂದಿನಲ್ಲಿ ಉಳಿದದ್ದು ಲಾಲಾರಸದ ಖನಿಜ ಸೇರಿ ಕಲ್ಲಾಗುತ್ತದೆ. ಆ ಕಲ್ಲಿಗೆ ಬ್ರಷ್ಷೂ ಸಾಲದು, ಕಡ್ಡಿಯೂ ಸಾಲದು. ಸ್ಕೇಲಿಂಗ್ ಬೇಕು. 'ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ' ಎನ್ನುವ ಅಜ್ಜಿಯರಿಗೆ ಉತ್ತರಿಸುವುದೂ ಪಠ್ಯದ ಭಾಗವೆಂದೇ ತಿಳಿಯಿರಿ: ವಸಡನ್ನು ಹಾಳುಮಾಡಿ ಹಲ್ಲನ್ನು ಮೊದಲೇ ಸಡಿಲಗೊಳಿಸಿದ್ದು ಆ ಕಲ್ಲು, ಅದನ್ನು ತೆಗೆದಾಗ ಸಡಿಲ ಗೊತ್ತಾಗುತ್ತದೆ ಅಷ್ಟೆ.

ಪ್ರಾಯೋಗಿಕ ತರಗತಿಯಲ್ಲಿ ತಾಳ್ಮೆ ಬೇಕು. ವಸಡು ಮತ್ತು ಹಲ್ಲಿನ ನಡುವಿನ ಆಳವನ್ನು ಪ್ರೋಬ್ ಎಂಬ ಗುರುತು ಹಾಕಿದ ಕಡ್ಡಿಯಿಂದ ಅಳೆಯುತ್ತಾರೆ. ಪ್ರತಿ ಹಲ್ಲಿಗೆ ಆರು ಕಡೆ, 32 ಹಲ್ಲಿಗೆ 192 ಅಳತೆ. 3 ಮಿಲಿಮೀಟರಿನವರೆಗೆ ಚಿಂತೆಯಿಲ್ಲ, ಮೇಲಾದರೆ ವೈದ್ಯರಿಗೆ ತಿಳಿಸಬೇಕು. ಹಲ್ಲುಗಳನ್ನು ಕರೆಯುವ ಕ್ರಮವೂ ಬೇರೆ: ಮೇಲಿನ ಬಲಭಾಗದ ಮೊದಲ ದವಡೆ ಹಲ್ಲು 'ಒಂದು-ಆರು', 'ಹದಿನಾರು' ಅಲ್ಲ. ಉಪಕರಣಗಳನ್ನು ಆಟೋಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ ಇಡುವುದನ್ನು ಒಂದು ದಿನ ಮರೆತರೂ ಒಬ್ಬರ ಸೋಂಕು ಇನ್ನೊಬ್ಬರಿಗೆ ದಾಟಬಹುದು. ಗುಟ್ಕಾ ತಿನ್ನುವವರ ಬಾಯಲ್ಲಿ ಬಿಳಿ ಮಚ್ಚೆಯನ್ನು ಮೊದಲು ಕಾಣುವವರೂ ಎಷ್ಟೋ ಸಲ ಇವರೇ.

ಒಂದು ಎಚ್ಚರಿಕೆ. ಇದೇ ಹೆಸರಿನಲ್ಲಿ ಆರು ತಿಂಗಳ ಸರ್ಟಿಫಿಕೇಟ್ ಮಾರುವವರೂ ಇದ್ದಾರೆ. ಆ ಕಾಗದದಿಂದ ರಾಜ್ಯ ದಂತ ಪರಿಷತ್ತಿನಲ್ಲಿ ಹೈಜಿನಿಸ್ಟ್ ಆಗಿ ನೋಂದಣಿ ಆಗುವುದಿಲ್ಲ. ಸಂಸ್ಥೆಯ ಮಾನ್ಯತಾ ಪತ್ರವನ್ನು ಕೈಯಲ್ಲಿ ಹಿಡಿದು ಓದಿದ ಮೇಲೆಯೇ ಶುಲ್ಕ ಕಟ್ಟಿ.