ಹೊಗೆಯೆಂದರೆ ಉರಿಯದೆ ಹೋದ ಕಟ್ಟಿಗೆ

ದೀಪಾವಳಿ ಮುಗಿದು ಕಬ್ಬಿನ ಕಟಾವಿಗೆ ಮೊದಲಾಯಿತೆಂದರೆ ನಮ್ಮ ಬಿದ್ರಿಯ ಸುತ್ತಮುತ್ತ ಎರಡು ಬೆಂಕಿಗಳು ಹಗಲಿರುಳೆನ್ನದೆ ಉರಿಯತೊಡಗುವವು. ಒಂದು ದೂಧಗಂಗಾ-ವೇದಗಂಗಾ ಸಹಕಾರಿ ಸಕ್ಕರೆ ಕಾರಖಾನೆಯದು. ಇನ್ನೊಂದು, ಹೊಲಗಳ ನಡುವೆ ಕಬ್ಬಿನ ರಸವನ್ನು ಕಾಯಿಸಿ ಬೆಲ್ಲ ಮಾಡುವ ಗಾಣದ ಒಲೆಯದು. ಈ ಎರಡೂ ಬೆಂಕಿಗಳಿಗೆ ಕಾವಲುಗಾರರುಂಟು, ಲೆಕ್ಕಪತ್ರವುಂಟು. ಮೂರನೆಯದೊಂದು ಬೆಂಕಿ ವರುಷದ ಮುನ್ನೂರರುವತ್ತೈದು ದಿನವೂ ಉರಿಯುವದಾದರೂ ಅದರ ಲೆಕ್ಕವನ್ನು ಯಾರೂ ಇಟ್ಟವರಲ್ಲ. ಅದು ನಮ್ಮ ಮನೆಯ ಒಲೆಯ ಬೆಂಕಿ. ಅದರ ಮುಂದೆ ಕುಳಿತ ಅವ್ವನ ಕಣ್ಣುಗಳಿಗೆ ಮಾತ್ರ ಅದರ ಲೆಕ್ಕ ಗೊತ್ತು. ಆ ಮೂರನೆಯ ಬೆಂಕಿಯ ವಿಚಾರವನ್ನು ನಮ್ಮ ವಿದ್ಯಾರ್ಥಿಗಳ ಮುಂದೆಯೂ ಅವರ ತಾಯಿತಂದೆಗಳ ಮುಂದೆಯೂ ಇಡಬಯಸುತ್ತೇವೆ.

ಮನೆಮನೆಗೂ ಗ್ಯಾಸು ಬಂದಿರುವಾಗ ಒಲೆಯ ಮಾತೇಕೆ ಎಂದು ಕೇಳುವವರುಂಟು. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದಂದಿನಿಂದ ಬಡವರ ಮನೆಗಳಿಗೂ ಸಿಲಿಂಡರು ಬಂದದ್ದು ನಿಜ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 59 ಮನೆಗಳು ಮಾತ್ರ ಅಡಿಗೆಗೆ ಸ್ವಚ್ಛ ಉರುವಲನ್ನು ಬಳಸುತ್ತಿದ್ದವು. ಇನ್ನು ಸಿಲಿಂಡರು ಇದ್ದ ಮನೆಯಲ್ಲಿ ಕೂಡ ಚಹಕ್ಕೆ ಗ್ಯಾಸು, ರೊಟ್ಟಿಗೂ ಸ್ನಾನದ ನೀರಿಗೂ ಕಟ್ಟಿಗೆ ಎಂಬ ವಾಡಿಕೆಯನ್ನು ನಾವು ನಿತ್ಯ ಕಾಣುತ್ತೇವೆ. ಗ್ಯಾಸು ಕೊಳ್ಳಬಲ್ಲವರು ಗ್ಯಾಸನ್ನೇ ಬಳಸಲಿ. ಎಷ್ಟು ಉತ್ತಮವಾದ ಕಟ್ಟಿಗೆಯ ಒಲೆಯೂ ಹೊಗೆಯ ವಿಷಯದಲ್ಲಿ ಅದಕ್ಕೆ ಸರಿಗಟ್ಟಲಾರದು. ಆದರೆ ಕಟ್ಟಿಗೆಯನ್ನು ಉರಿಸಲೇಬೇಕಾದಲ್ಲಿ ಅದನ್ನು ಬಲ್ಲವರಂತೆ ಉರಿಸಬೇಕು.

ಬಲ್ಲವರು ಯಾರೆಂದರೆ ಗಾಣದ ಒಲೆಯ ಮುಂದೆ ಕುಳಿತವರು. ನಮ್ಮ ಭಾಗದ ಮರಾಠಿಯಲ್ಲಿ ಅವನಿಗೆ ‘ಜಾಳವ್ಯಾ’ ಎನ್ನುವರು. ಗಾಣದಿಂದ ಹೊರಬಿದ್ದ ಹಸಿ ಸಿಪ್ಪೆಯಲ್ಲಿ ಸರಿಸುಮಾರು ಅರ್ಧ ತೂಕ ನೀರೇ ಇರುವದು. ಅವನು ಅದನ್ನು ಹಾಗೆಯೇ ಒಲೆಗೆ ತುರುಕುವದಿಲ್ಲ. ಅಂಗಳದಲ್ಲಿ ಹರಡಿ, ಬಿಸಿಲಿಗೆ ಒಣಗಿಸಿ, ಕೈಗೆ ಹಿಡಿದರೆ ಮುರಿಯುವ ಹದಕ್ಕೆ ಬಂದ ಮೇಲೆ ಒಲೆಯ ಬಳಿಗೆ ತರುವನು. ತಂದಮೇಲೂ ಒಮ್ಮೆಲೇ ಒಂದು ಹೊರೆ ಹಾಕುವದಿಲ್ಲ. ಸ್ವಲ್ಪ ಸ್ವಲ್ಪವಾಗಿ, ಬಿಡುವಿಲ್ಲದೆ ಹಾಕುತ್ತಲೇ ಇರುವನು. ಹಿಂದಿನ ಎತ್ತರದ ಹೊಗೆಕೊಳವೆಯು ಗಾಳಿಯನ್ನು ಸೆಳೆದುಕೊಳ್ಳುವದು. ಬೆಂಕಿ ಕೊಪ್ಪರಿಗೆಯ ಅಡಿಯಲ್ಲಿ ನದಿಯಂತೆ ಹರಿಯುವದು. ಅವನ ಕೈ ತಪ್ಪಿ ಉರುವಲು ಹೆಚ್ಚಾದರೆ ಕೊಳವೆಯ ತುದಿಯಲ್ಲಿ ಕರಿಹೊಗೆ ಏಳುವದು. ಅಷ್ಟು ದೂರದಲ್ಲಿದ್ದವರಿಗೂ ಒಲೆ ಹದ ತಪ್ಪಿದ್ದು ತಿಳಿಯುತ್ತದೆ. ಒಣಗಿದ ಉರುವಲು, ಸಣ್ಣ ತುತ್ತು, ಸಾಕಷ್ಟು ಗಾಳಿ: ಅವನ ಶಾಸ್ತ್ರವೆಲ್ಲ ಇಷ್ಟೆ. ನಮ್ಮ ಅಡಿಗೆಮನೆಗೆ ಬೇಕಾದದ್ದೂ ಇದೇ.

ಹಾಗಾದರೆ ಹೊಗೆಯೆಂದರೇನು? ಇದನ್ನು ತಿಳಿಯಲು ಹಿರಿಯರೊಬ್ಬರನ್ನು ಹತ್ತಿರ ಕೂಡಿಸಿಕೊಂಡು ಒಂದು ಪ್ರಯೋಗ ಮಾಡಿರಿ. ಗಾಳಿಯಾಡದ ಮೂಲೆಯಲ್ಲಿ ಮೇಣಬತ್ತಿ ಹಚ್ಚಿ, ಚೆನ್ನಾಗಿ ಉರಿದ ಮೇಲೆ ಆರಿಸಿರಿ. ಬತ್ತಿಯ ತುದಿಯಿಂದ ಬಿಳಿಯ ಹೊಗೆಯ ಎಳೆಯೊಂದು ಮೇಲೇಳುವದು. ಕೂಡಲೇ ಉರಿಯುವ ಕಡ್ಡಿಯನ್ನು ಬತ್ತಿಗೆ ತಾಗಿಸದೆ, ಒಂದು ಬೆರಳಿನಷ್ಟು ಮೇಲೆ, ಆ ಹೊಗೆಯ ಎಳೆಗೆ ಹಿಡಿಯಿರಿ. ಬೆಂಕಿಯು ಹೊಗೆಯ ಗುಂಟ ಕೆಳಗೆ ಜಿಗಿದು ಬತ್ತಿಯನ್ನು ಹೊತ್ತಿಸುವದು. ಹೊಗೆ ಉರಿಯುವ ವಸ್ತುವೆಂಬುದು ಇದರಿಂದ ಸಿದ್ಧವಾಯಿತು. ಕಟ್ಟಿಗೆಯ ಮಾತೂ ಹಾಗೆಯೇ. ಕಟ್ಟಿಗೆ ಬಿಸಿಯಾದೊಡನೆ ಮೊದಲು ಅದರ ನೀರು ಆವಿಯಾಗುವದು. ಕಾವು ಇನ್ನೂ ಏರಿದಾಗ ಅದರ ಮೈಯೊಳಗಿನಿಂದ ನಾನಾ ಅನಿಲಗಳು ಹೊರಡುವವು. ಒಣಗಿದ ಕಟ್ಟಿಗೆಯ ತೂಕದ ಸುಮಾರು ಮುಕ್ಕಾಲು ಪಾಲು ಹೀಗೆ ಅನಿಲವಾಗಿಯೇ ಹೋಗುವದು. ಉಳಿದದ್ದು ಇದ್ದಿಲು ಮತ್ತು ಬೂದಿ. ನಾವು ಜ್ವಾಲೆ ಎನ್ನುವದು ಈ ಅನಿಲಗಳು ಉರಿಯುವದನ್ನೇ. ಸಾಕಷ್ಟು ಕಾವು ಅಥವಾ ಪ್ರಾಣವಾಯು ದೊರೆಯದಿದ್ದರೆ ಅವು ಉರಿಯದೆ ತಣ್ಣಗಾಗಿ, ಹೊಗೆಯಾಗಿ ಮಾಡಿಗೆ ಏರುವವು. ಮಾಡಿನ ಜಂತೆಗೆ ಅಂಟಿದ ಇಲ್ಲಣವೆಲ್ಲ ನಾವು ಹೊತ್ತು ತಂದು, ಸೀಳಿ, ಒಲೆಗೆ ಹಾಕಿ, ಉರಿಸದೆ ಬಿಟ್ಟ ಕಟ್ಟಿಗೆಯೇ.

ಮಾಡಿಗೆ ಅಂಟಿದ್ದು ಕಣ್ಣಿಗೆ ಕಾಣುವದು. ಎದೆಯೊಳಗೆ ಅಂಟಿದ್ದು ಕಾಣದು. ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಂತೆ 2020ರಲ್ಲಿ ಮನೆಯೊಳಗಿನ ಹೊಗೆಯ ದೆಸೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮರಣ ಹೊಂದಿದರು. ಅವರಲ್ಲಿ 2 ಲಕ್ಷ 37 ಸಾವಿರಕ್ಕೂ ಹೆಚ್ಚು ಜನ ಐದು ವರುಷದೊಳಗಿನ ಮಕ್ಕಳು. ಹೆಂಗಸರಿಗೆ ಬಿಡದ ಕೆಮ್ಮು-ದಮ್ಮು, ಕೂಸುಗಳಿಗೆ ನ್ಯುಮೋನಿಯಾ ಈ ಹೊಗೆಯಿಂದ ಬರುವವು. ಕೂಸನ್ನು ಸೊಂಟಕ್ಕೇರಿಸಿಕೊಂಡು ಒಲೆಯ ಮುಂದೆ ಕೂಡ್ರುವ ವಾಡಿಕೆಯನ್ನು ಎಷ್ಟು ಬೇಗ ಬಿಟ್ಟರೆ ಅಷ್ಟು ಒಳ್ಳೆಯದು. ಆ ಹೊತ್ತಿಗೆ ಕೂಸನ್ನು ಅಜ್ಜಿಯೋ ಅಕ್ಕನೋ ಅಂಗಳದಲ್ಲಿ ಆಡಿಸಲಿ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಬಾಣಂತಿಯ ಕೋಣೆಯಲ್ಲಿ ಕೆಂಡದ ಶೆಗಡಿಯನ್ನಿಟ್ಟು ಬಾಗಿಲು-ಕಿಡಕಿಗಳನ್ನು ಭದ್ರವಾಗಿ ಮುಚ್ಚುವ ಮನೆಗಳು ಈಗಲೂ ಇವೆ. ಕೆಂಡದಲ್ಲಿ ಹೊಗೆಯಿಲ್ಲವೆಂದು ಅವರು ನಂಬಿರುವರು. ಆದರೆ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನು ಅದು ಎಚ್ಚರಗೊಳಿಸದೆಯೇ ಕೊಲ್ಲಬಲ್ಲದು. ಬಾಣಂತಿ ಮಲಗುವ ಕೋಣೆಯಲ್ಲಿ ಶೆಗಡಿ ಇರಲೇಕೂಡದು.

ಇನ್ನು ಸ್ವಲ್ಪ ಗಣಿತ. ಒಂದು ಲೀಟರ್ ನೀರನ್ನು 25 ಅಂಶದಿಂದ 100 ಅಂಶದವರೆಗೆ ಕಾಯಿಸಲು 75 ಕಿಲೋಕ್ಯಾಲರಿ ಬೇಕು. ನಾಲ್ಕು ಲೀಟರಿಗೆ 300. ಗಾಳಿಯಲ್ಲಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಹೆಚ್ಚುಕಡಿಮೆ 4000 ಕಿಲೋಕ್ಯಾಲರಿ ಶಾಖವಿದೆ. ಹಾಗಿದ್ದರೆ 75 ಗ್ರಾಂ, ಅಂದರೆ ಒಂದು ಹಿಡಿ ಪುರಳೆ ಸಾಕಾಗಬೇಕಿತ್ತು. ಸಾಮಾನ್ಯ ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ನೂರಕ್ಕೆ 10ರಿಂದ 15 ಪಾಲು ಮಾತ್ರ ಪಾತ್ರೆಗೆ ತಲುಪುವದರಿಂದ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ಬೇಕಾಗುವದು. ಮಿಕ್ಕದ್ದು ಗೋಡೆಗೆ, ಗಾಳಿಗೆ, ಹೊಗೆಗೆ. ಇದೇ ಲೆಕ್ಕದಲ್ಲಿ ಇನ್ನೊಂದು ಚಮತ್ಕಾರವಿದೆ. ಕುದಿಯುವ ಒಂದು ಲೀಟರ್ ನೀರನ್ನು ಆವಿಮಾಡಲು 540 ಕಿಲೋಕ್ಯಾಲರಿ ಬೇಕು. ಅದು ಅಷ್ಟೇ ನೀರನ್ನು ಕುದಿಗೆ ತರುವ ಶಾಖದ ಏಳು ಪಟ್ಟಿಗೂ ಹೆಚ್ಚು. ಕುದಿಯುವ ನೀರು ಎಷ್ಟು ಜೋರಾಗಿ ಕುದಿದರೂ ಅದರ ಕಾವು ಹೆಚ್ಚುವದಿಲ್ಲ. ಬೇಳೆ ಬೇಗನೆ ಬೇಯುವದೂ ಇಲ್ಲ. ಆದುದರಿಂದ ಕುದಿ ಬಂದೊಡನೆ ಪಾತ್ರೆಗೆ ಮುಚ್ಚಳವಿಟ್ಟು ಒಂದೆರಡು ಕೊಳ್ಳಿಗಳನ್ನು ಹಿಂದಕ್ಕೆ ಎಳೆಯಬೇಕು. ಹಾಸು ಕಾಸಿನ ಖರ್ಚಿಲ್ಲದ ಉಳಿತಾಯವಿದು.

ಒಲೆಯ ಸುಧಾರಣೆಗೆ ಕೈಹಾಕಿದವರು ನಮ್ಮಲ್ಲಿ ಮೊದಲಿನಿಂದಲೂ ಇದ್ದಾರೆ. ವರ್ಧಾದ ಮಗನವಾಡಿಯಲ್ಲಿ 1940ರ ದಶಕದಲ್ಲಿ ‘ಮಗನ್ ಚೂಲಾ’ ಸಿದ್ಧವಾಯಿತು. ಹೈದರಾಬಾದಿನ ಎಂಜಿನಿಯರ್ ಎಸ್. ಪಿ. ರಾಜು ಅವರು 1953ರಲ್ಲಿ ಹೊಗೆಯಿಲ್ಲದ ಅಡಿಗೆಮನೆಗಳ ಕುರಿತು ಪುಸ್ತಕವನ್ನೇ ಪ್ರಕಟಿಸಿದರು. ಆದರೆ ಒಲೆಯನ್ನು ಅಳೆದು ತೂಗಿ ಪರೀಕ್ಷಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಕರ್ನಾಟಕಕ್ಕೆ ಸಲ್ಲಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕುಮಾರ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಹಳ್ಳಿಗೆ ವಿಜ್ಞಾನವನ್ನು ಒಯ್ಯುವದು ಅದರ ಕೆಲಸ. ಆ ವಿಭಾಗದವರು ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರದ ಸುತ್ತಿನ ಆರು ಹಳ್ಳಿಗಳನ್ನು ಮನೆಮನೆಯಾಗಿ ಅಭ್ಯಾಸಮಾಡಿ, ಹಳ್ಳಿಗರ ಶಕ್ತಿಯ ಬಳಕೆಯಲ್ಲಿ ಬಹುಭಾಗ ಉರುವಲು ಕಟ್ಟಿಗೆಯದೇ ಎಂಬುದನ್ನೂ ಅದನ್ನು ಕೂಡಿಸುವ ದುಡಿಮೆಯ ಭಾರ ಹೆಂಗಸರ ಮತ್ತು ಮಕ್ಕಳ ಮೇಲೆ ಬಿದ್ದಿರುವದನ್ನೂ ತೋರಿಸಿದರು. 1980ರ ದಶಕದಲ್ಲಿ ಅವರು ರೂಪಿಸಿದ ‘ಅಸ್ತ್ರ ಒಲೆ’ ಮಣ್ಣಿನದೇ. ಸಾಲಾಗಿ ಮೂರು ಪಾತ್ರೆಗಳು ಕೂಡ್ರುವವು. ಕಟ್ಟಿಗೆ ನೆಲದ ಮೇಲಲ್ಲ, ಕಬ್ಬಿಣದ ಸರಳುಗಳ ಮೇಲೆ ಉರಿಯುವದರಿಂದ ಗಾಳಿ ಕೆಳಗಿನಿಂದ ಬರುವದು. ಬೆಂಕಿಯ ಗೂಡು ಮುಚ್ಚಿದ್ದು. ಬೇಕಾದಷ್ಟೇ ಗಾಳಿ ಒಳಗೆ ಬರುವಂತೆ ಕಿಂಡಿಗಳಿವೆ. ಮೊದಲ ಪಾತ್ರೆಯನ್ನು ಕಾಯಿಸಿದ ಬಿಸಿ ಎರಡನೆಯದಕ್ಕೂ ಮೂರನೆಯದಕ್ಕೂ ಹಾಯ್ದು ಕೊನೆಗೆ ಕೊಳವೆಯಿಂದ ಹೊರಬೀಳುವದು. ಪ್ರಯೋಗಶಾಲೆಯಲ್ಲಿ ಅದು ನೂರಕ್ಕೆ 40ಕ್ಕೂ ಹೆಚ್ಚು ಪಾಲು ಶಾಖವನ್ನು ಪಾತ್ರೆಗಳಿಗೆ ಮುಟ್ಟಿಸಿತು. ನಮ್ಮ ಲೆಕ್ಕದ ನಾಲ್ಕು ಲೀಟರ್ ನೀರಿಗೆ ಆಗ ಕಾಲು ಕಿಲೋ ಕಟ್ಟಿಗೆಯೂ ಹತ್ತಲಿಲ್ಲವೆಂದಾಯಿತು.

ಇಂಥ ಒಲೆಗಳು ಪ್ರತಿ ಮನೆಯಲ್ಲಿಯೂ ಯಾಕೆ ನಿಲ್ಲಲಿಲ್ಲ? ಕೇಂದ್ರ ಸರಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 1980ರ ದಶಕದಿಂದ 2002ರ ವರೆಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಾಕಲಾಯಿತು. ಅವುಗಳಲ್ಲಿ ಬಹಳಷ್ಟು ಹೆಚ್ಚು ದಿನ ಬಾಳಲಿಲ್ಲ. ಕಾರಣ ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮ ಮನೆಯಲ್ಲಿಯೇ ಕಲಿತೆವು. ಹಲವು ವರುಷಗಳ ಹಿಂದೆ ಮೂರು ಪಾತ್ರೆಯ ಒಲೆಯನ್ನು ಬಹು ಹುರುಪಿನಿಂದ ಕಟ್ಟಿದೆವು. ಉದ್ದನೆಯ ಜಾಲಿಯ ಬೊಡ್ಡೆಗಳು ಬಾಯಲ್ಲಿ ಹಿಡಿಯಲಿಲ್ಲವೆಂದು ಬಾಯನ್ನು ಒಡೆದು ಅಗಲಮಾಡಿದೆವು. ಕೊಡಲಿಯಿಂದ ಬೊಡ್ಡೆಯನ್ನು ಸೀಳುವದಕ್ಕಿಂತ ಅದು ಸುಲಭವೆನಿಸಿತ್ತು! ಬೇಡಾದ ತಣ್ಣನೆಯ ಗಾಳಿ ಒಳನುಗ್ಗಿ ಮೂರನೆಯ ಪಾತ್ರೆ ಕಾಯದಾಯಿತು. ಮೇಲೆ, ಒಂದು ಮಳೆಗಾಲವಿಡೀ ಕೊಳವೆಯನ್ನು ತೆಗೆದು ಝಾಡಿಸಲಿಲ್ಲ. ಮಸಿ ಕಟ್ಟಿ ಹೊಗೆಯೆಲ್ಲ ಹಿಂದಿರುಗಿ ಅಡಿಗೆಮನೆಗೇ ಬಂದಿತು. ತಪ್ಪು ಒಲೆಯದಾಗಿರಲಿಲ್ಲ. ಬಾಯನ್ನು ಮತ್ತೆ ಕಿರಿದುಮಾಡಿ, ತಿಂಗಳಿಗೊಮ್ಮೆ ಕೊಳವೆಯನ್ನು ಶುದ್ಧಮಾಡುವ ರೂಢಿ ಹಾಕಿಕೊಂಡ ಮೇಲೆ ಅದೇ ಒಲೆ ಸರಿಯಾಗಿ ನಡೆಯಿತು.

ಹೊಸ ಒಲೆ ಕಟ್ಟುವ ಅನುಕೂಲವಿಲ್ಲದವರು ಹಳೆಯ ಒಲೆಯಲ್ಲಿಯೇ ಬಹಳಷ್ಟನ್ನು ಮಾಡಬಹುದು. ಒಲೆಯ ಗೂಡಿನಲ್ಲಿ ಎರಡು ಇಟ್ಟಿಗೆಯ ತುಂಡುಗಳ ಮೇಲೆ ನಾಲ್ಕೈದು ಕಬ್ಬಿಣದ ಸರಳುಗಳನ್ನಿಟ್ಟರೆ ಕಟ್ಟಿಗೆಯ ಕೆಳಗೆ ಗಾಳಿಯಾಡುವದು; ಊದುಗೊಳವೆಯ ಕೆಲಸ ಅರ್ಧಕ್ಕಿಳಿಯುವದು. ಬೂದಿ ತುಂಬಿ ಆ ಸಂದು ಮುಚ್ಚದಂತೆ ದಿನಾಲು ಮುಂಜಾನೆ ತೆಗೆಯಬೇಕು. ಕಟ್ಟಿಗೆಯನ್ನು ಹೆಬ್ಬೆರಳಿನ ಎರಡರಷ್ಟು ದಪ್ಪಕ್ಕೆ ಸೀಳಿ, ಎರಡು-ಮೂರನ್ನೇ ಇಟ್ಟು, ತುದಿ ಉರಿದಂತೆ ಮುಂದಕ್ಕೆ ಸರಿಸಬೇಕು. ಒಲೆಯ ಬಾಯಿಗೂ ಪಾತ್ರೆಗೂ ನಡುವಿನ ಸಂದು ಒಂದು ಬೆರಳಿನ ದಪ್ಪಕ್ಕಿಂತ ಹೆಚ್ಚಿರಬಾರದು. ಹೆಚ್ಚಾದರೆ ಉರಿ ಪಾತ್ರೆಯನ್ನು ನೆಕ್ಕದೆ ಬದಿಯಿಂದ ಹಾರಿಹೋಗುವದು. ಹಾಗೆಂದು ಪಾತ್ರೆಯನ್ನು ಕಟ್ಟಿಗೆಗೆ ತಾಗುವಷ್ಟು ಕೆಳಗಿಳಿಸಲೂಬಾರದು: ಎಳೆಯ ಉರಿ ತಣ್ಣನೆಯ ತಳಕ್ಕೆ ತಗಲಿದರೆ ಅಲ್ಲಿಯೇ ಆರಿ ಮಸಿಯಾಗುವದು. ಬೆಳಕಿಂಡಿಯ ಮುಚ್ಚಳವನ್ನು ತೆರೆದಿಡುವದನ್ನು ಹೇಳಬೇಕಾಗಿಲ್ಲ. ಬೆಂಕಿ ಹಚ್ಚಲು ಪ್ಲಾಸ್ಟಿಕ್ ಚೀಲವನ್ನು ಬಳಸಬೇಡಿರಿ. ಇಚಲಕರಂಜಿಯ ಮಗ್ಗಗಳ ಚಿಂದಿಯೂ ಬೇಡ, ಅದರಲ್ಲಿ ಪಾಲಿಯೆಸ್ಟರು ಬೆರೆತಿರಬಹುದು. ಒಣಗಿದ ಕಬ್ಬಿನ ರವದಿಯ ಒಂದು ಹಿಡಿ ಸಾಕು.

ಸ್ನಾನದ ನೀರಿಗೆ ನಮ್ಮ ಹಿರಿಯರ ತಾಮ್ರದ ಬಂಬವನ್ನು ಮೀರಿಸುವದು ಕಠಿಣ. ನಡುವೆ ಬೆಂಕಿಯ ಕೊಳವೆ, ಸುತ್ತಲೂ ನೀರು. ಗೋಡೆಗೆ ಹೋಗಬೇಕಾದ ಶಾಖವೆಲ್ಲ ನೀರಿಗೇ ಹೋಗುವದು. ಅದನ್ನು ಮೋಡಿಗೆ ಹಾಕಿದ ಮನೆಗಳನ್ನು ಕಂಡು ನಮಗೆ ವ್ಯಸನವಾಗಿದೆ. ಬಂಬವಿದ್ದವರು ಅದನ್ನು ಅಂಗಳದಲ್ಲಿ ಇಲ್ಲವೆ ಗಾಳಿಯಾಡುವ ಪಡಸಾಲೆಯ ಹೊರಬದಿಯಲ್ಲಿ ಹೊತ್ತಿಸಲಿ. ಮುಚ್ಚಿದ ಬಚ್ಚಲಿನಲ್ಲಿ ಬೇಡ.

ಎಲ್ಲಕ್ಕಿಂತ ಮೊದಲಿನದು ಒಣಗಿದ ಕಟ್ಟಿಗೆ. ಹಸಿ ಕಟ್ಟಿಗೆಯ ನೀರನ್ನು ಆವಿಮಾಡಲು ಹೋಗುವ ಶಾಖ ಒಂದು ನಷ್ಟ; ಆ ಆವಿಯು ಬೆಂಕಿಯನ್ನು ತಣಿಸಿ ಅನಿಲಗಳು ಉರಿಯದಂತೆ ಮಾಡುವದು ಅದಕ್ಕಿಂತ ದೊಡ್ಡ ನಷ್ಟ. ಆಜರಾ, ಚಂದಗಡ, ರಾಧಾನಗರಿಗಳ ಕಡೆಯ ಮಳೆ ಎಲ್ಲರಿಗೂ ಗೊತ್ತಿದ್ದದ್ದೇ. ಗಡಹಿಂಗ್ಲಜದವರೂ ಅದರಿಂದ ತಪ್ಪಿಸಿಕೊಂಡವರಲ್ಲ. ಮೃಗದ ಮಳೆ ಬೀಳುವ ಮುಂಚೆಯೇ ನಾಲ್ಕು ತಿಂಗಳಿನ ಕಟ್ಟಿಗೆಯನ್ನು ಸೀಳಿ, ಬೇಸಿಗೆಯ ಬಿಸಿಲಿಗೆ ಒಣಗಿಸಿ, ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ ಅಡ್ಡಡ್ಡಲಾಗಿ ಒಟ್ಟಬೇಕು. ಒಣಗಿದ್ದನ್ನು ಗುರುತಿಸುವದು ಸುಲಭ: ಎರಡು ತುಂಡುಗಳನ್ನು ತಾಗಿಸಿದರೆ ಠಣ್ಣೆನ್ನುವವು, ಹಸಿಯವು ದಬ್ಬೆನ್ನುವವು.

ನಮ್ಮ ವಿದ್ಯಾರ್ಥಿಗಳಿಗೆ ರಜೆಯಲ್ಲಿ ಒಂದು ಕೆಲಸ ಕೊಡುತ್ತೇವೆ. ಏಳು ದಿನ ಮನೆಯಲ್ಲಿ ಹೇಗೆ ನಡೆದಿದೆಯೋ ಹಾಗೆಯೇ ಒಲೆ ಉರಿಯಲಿ. ಮುಂಜಾನೆ ತೂಗಿ ಇಟ್ಟ ಕಟ್ಟಿಗೆಯಲ್ಲಿ ರಾತ್ರಿ ಉಳಿದದ್ದನ್ನು ತೂಗಿ, ಎಷ್ಟು ಜನರಿಗೆ ಅಡಿಗೆಯಾಯಿತೆಂಬುದನ್ನೂ ಸೇರಿಸಿ ವಹಿಯಲ್ಲಿ ಬರೆಯಿರಿ. ಮುಂದಿನ ಏಳು ದಿನ ಸರಳು, ಸೀಳಿದ ಒಣಗಟ್ಟಿಗೆ, ಮುಚ್ಚಳ ಈ ಮೂರನ್ನು ಬಳಸಿ ಅದೇ ರೀತಿ ಬರೆಯಿರಿ. ಅವ್ವನ ಕಣ್ಣುಗಳು ಎಷ್ಟು ಸಲ ನೀರಾಡಿದವೆಂದು ಕೇಳಿ ಅದನ್ನೂ ಒಂದು ಬದಿಗೆ ಬರೆದುಕೊಂಡು, ಶಾಲೆ ತೆರೆದ ದಿನ ವಹಿಯನ್ನು ತನ್ನಿರಿ.