ಪಾರ್ಸೆಲ್ ಶವರ್ಮಾ: ರುಚಿಯ ದೂರಿನ ಹಿಂದೆ ಆರೋಗ್ಯದ ಎಚ್ಚರಿಕೆ

ರಜೆಯ ದಿನ ಸಂಜೆ ಮನೆಯಲ್ಲಿ ಒಲೆ ಹಚ್ಚುವ ಬದಲು ಹೊರಗಿನಿಂದ ತಿಂಡಿ ತರಿಸುವುದು ಈಗ ನಮ್ಮ ನಗರಗಳಲ್ಲಿ ಸಾಮಾನ್ಯವಾಗಿದೆ. ಮಸಾಲೆ ದೋಸೆ, ಗೋಬಿ ಮಂಚೂರಿಗಳ ಸಾಲಿಗೆ ಶವರ್ಮಾ, ಫಲಾಫೆಲ್, ಹಮ್ಮಸ್‌ಗಳೂ ಸೇರಿವೆ. ಇವು ಲೆಬನಾನ್, ಸಿರಿಯಾ, ಟರ್ಕಿ, ಈಜಿಪ್ಟ್ ಮುಂತಾದ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳ ಆಹಾರ. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದ ಕೇರಳ ಮತ್ತು ಕರಾವಳಿಯ ಜನ ಇದರ ರುಚಿ ಕಂಡು ಬಂದರು. ಇಂದು ಮಂಗಳೂರು, ಬೆಂಗಳೂರುಗಳ ಬೀದಿ ಬೀದಿಗಳಲ್ಲಿ ಇಂಥ ಅಂಗಡಿಗಳಿವೆ.

ಹೀಗೆ ತರಿಸಿದವರು ಹೇಳುವ ದೂರುಗಳು ನಿಮಗೂ ಪರಿಚಿತವಾಗಿರಬಹುದು. "ಬರುವಷ್ಟರಲ್ಲಿ ಉಗುರು ಬೆಚ್ಚಗಾಗಿತ್ತು." "ರೊಟ್ಟಿ ಒದ್ದೆಯಾಗಿ ಹರಿದುಹೋಯಿತು." "ಬಿಳಿ ಸಾಸ್ ಕರಗಿ ನೀರಾಗಿತ್ತು." "ಒಳಗಿನ ಕೋಳಿ ಸರಿಯಾಗಿ ಬೆಂದಿರಲಿಲ್ಲ." ಇವನ್ನು ನಾವು ರುಚಿಗೆ ಸಂಬಂಧಿಸಿದ ದೂರುಗಳೆಂದುಕೊಂಡು, ಇನ್ನೊಮ್ಮೆ ಬೇರೆ ಅಂಗಡಿ ನೋಡೋಣ ಎಂದು ಸುಮ್ಮನಾಗುತ್ತೇವೆ. ಆದರೆ ವೈದ್ಯಕೀಯ ದೃಷ್ಟಿಯಿಂದ ನೋಡಿದರೆ ಇವೆಲ್ಲ ಆಹಾರದ ಉಷ್ಣತೆ ಮತ್ತು ಅದು ಕಳೆದ ಸಮಯದ ಬಗ್ಗೆ ಸುಳಿವು ಕೊಡುವ ಸೂಚನೆಗಳು. ಆ ಸೂಚನೆಗಳನ್ನು ಓದುವುದು ಹೇಗೆಂದು ಈ ವಾರ ತಿಳಿಯೋಣ.

ಏಕಿಷ್ಟು ಎಚ್ಚರಿಕೆ?

2022ರ ಮೇ ತಿಂಗಳಲ್ಲಿ ನಮ್ಮ ಗಡಿಯ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ 16 ವರ್ಷದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಇನ್ನೂ ಹಲವರು ಆಸ್ಪತ್ರೆ ಸೇರಿದರು. ರೋಗಿಗಳಲ್ಲಿ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. 2023ರ ಸೆಪ್ಟೆಂಬರಿನಲ್ಲಿ ತಮಿಳುನಾಡಿನ ನಾಮಕ್ಕಲ್‌ನಲ್ಲಿ ಮನೆಗೆ ತಂದ ಶವರ್ಮಾ ತಿಂದ 14 ವರ್ಷದ ಹುಡುಗಿ ಸಾವಿಗೀಡಾದಳು. ನಮ್ಮ ರಾಜ್ಯದಲ್ಲಿ 2024ರಲ್ಲಿ ಆಹಾರ ಸುರಕ್ಷತಾ ಇಲಾಖೆಯವರು ಸಂಗ್ರಹಿಸಿದ 17 ಶವರ್ಮಾ ಮಾದರಿಗಳ ಪೈಕಿ 8 ಸುರಕ್ಷಿತವಲ್ಲವೆಂದು ತಿಳಿದುಬಂತು. ಅವುಗಳಲ್ಲಿ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಇದ್ದವು.

ಇದರಿಂದ ಶವರ್ಮಾ ವಿಷವೆಂದು ತೀರ್ಮಾನಿಸಬೇಕಾಗಿಲ್ಲ. ಸರಿಯಾಗಿ ಬೇಯಿಸಿ, ಬಿಸಿಯಾಗಿರುವಾಗಲೇ ತಿಂದರೆ ಅದು ಬೇರೆ ಯಾವುದೇ ಮಾಂಸದ ಅಡುಗೆಯಷ್ಟೇ ಸುರಕ್ಷಿತ. ತೊಂದರೆ ಇರುವುದು ಅದನ್ನು ಬೇಯಿಸುವ, ಕಟ್ಟುವ ಮತ್ತು ಸಾಗಿಸುವ ಕ್ರಮದಲ್ಲಿ.

ಕಂಬಿಯಿಂದ ಪೊಟ್ಟಣದವರೆಗೆ

ಶವರ್ಮಾ ಎಂಬ ಹೆಸರು 'ತಿರುಗಿಸುವುದು' ಎಂಬ ಅರ್ಥದ ಟರ್ಕಿ ಭಾಷೆಯ ಪದದಿಂದ ಬಂದಿದೆ. ಮಸಾಲೆ ಹಚ್ಚಿದ ಮಾಂಸದ ಚೂರುಗಳನ್ನು ನೇರವಾಗಿ ನಿಲ್ಲಿಸಿದ ಕಂಬಿಗೆ ಒಂದರ ಮೇಲೊಂದು ಪೋಣಿಸಿ, ಪಕ್ಕದ ಉರಿಯ ಮುಂದೆ ತಿರುಗಿಸುತ್ತಾರೆ. ಹೊರಪದರ ಬೆಂದಂತೆಲ್ಲ ಅದನ್ನು ಚಾಕುವಿನಿಂದ ಹೆರೆದು ರೊಟ್ಟಿಯಲ್ಲಿ ಸುತ್ತುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ಹೊರಗೆ ಬೆಂದಿದ್ದರೂ ಒಳಗಿನ ಮಾಂಸ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ. ಗಿರಾಕಿಗಳು ಮುಗಿಬಿದ್ದಾಗ ಚಾಕು ಬೆಂದ ಪದರವನ್ನು ದಾಟಿ ಒಳಕ್ಕಿಳಿಯುತ್ತದೆ. ಗಿರಾಕಿಗಳು ಕಡಿಮೆಯಾದಾಗ ಗ್ಯಾಸ್ ಉಳಿಸಲು ಉರಿ ತಗ್ಗಿಸುತ್ತಾರೆ. ಆಗ ಮಾಂಸ ಬೇಯುವುದೂ ಇಲ್ಲ, ತಣ್ಣಗಾಗುವುದೂ ಇಲ್ಲ. ಕೋಳಿ ಮಾಂಸದ ಒಳಭಾಗ ಸುಮಾರು 75 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಮಾತ್ರ ಸಾಲ್ಮೊನೆಲ್ಲಾದಂಥ ಸೂಕ್ಷ್ಮಜೀವಿಗಳು ಸಾಯುತ್ತವೆ. ಆದ್ದರಿಂದಲೇ ಒಳ್ಳೆಯ ಅಂಗಡಿಯವರು ಹೆರೆದ ಮಾಂಸವನ್ನು ಕಾದ ಕಾವಲಿಯ ಮೇಲೆ ಮತ್ತೊಮ್ಮೆ ಹುರಿದು ಕೊಡುತ್ತಾರೆ.

ಅಂಗಡಿಯ ಮುಂದೆ ನಿಂತು ತಿನ್ನುವವರಿಗೆ ಇಷ್ಟು ಸಾಕು. ಪಾರ್ಸೆಲ್ ತರುವವರ ಕತೆ ಇಲ್ಲಿಂದ ಆರಂಭವಾಗುತ್ತದೆ.

ಉಗುರು ಬೆಚ್ಚಗಿನ ಅಪಾಯ

ಸೂಕ್ಷ್ಮಜೀವಿಗಳು ಚೆನ್ನಾಗಿ ಬೆಳೆಯುವುದು 5ರಿಂದ 60 ಡಿಗ್ರಿಗಳ ನಡುವೆ. ನಮ್ಮ ಮೈಬಿಸಿಯ ಆಸುಪಾಸಿನಲ್ಲಂತೂ ಅವಕ್ಕೆ ಹಬ್ಬ. ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಅವುಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಲೆಕ್ಕ ಹಾಕಿ ನೋಡಿ: ಮಾಂಸದಲ್ಲಿ 100 ಬ್ಯಾಕ್ಟೀರಿಯಾ ಇದ್ದರೆ ಎರಡು ಗಂಟೆಯಲ್ಲಿ 6,400 ಆಗುತ್ತವೆ. ನಾಲ್ಕು ಗಂಟೆಯಲ್ಲಿ 4,09,600!

ಈಗ ಪೊಟ್ಟಣದೊಳಗೆ ಏನಾಗುತ್ತದೆ ನೋಡೋಣ. ಬಿಸಿ ಮಾಂಸದ ಮೇಲೆ ತಣ್ಣನೆಯ ಸಾಸ್ ಸುರಿದು, ರೊಟ್ಟಿಯಲ್ಲಿ ಸುತ್ತಿ, ಅಲ್ಯೂಮಿನಿಯಂ ಹಾಳೆಯಿಂದ ಬಿಗಿಯಾಗಿ ಮುಚ್ಚುತ್ತಾರೆ. ಮಾಂಸ ತಣ್ಣಗಾಗುತ್ತದೆ, ಸಾಸ್ ಬಿಸಿಯೇರುತ್ತದೆ. ಎರಡೂ ನಡುವಿನ ಅಪಾಯದ ಉಷ್ಣತೆಯಲ್ಲಿ ಸಂಧಿಸುತ್ತವೆ. ಹೊರಹೋಗಲಾರದ ಹಬೆ ನೀರಾಗಿ ರೊಟ್ಟಿಯನ್ನು ನೆನೆಸುತ್ತದೆ. ಸೂಕ್ಷ್ಮಜೀವಿಗಳಿಗೆ ಬೇಕಾದ ಬೆಚ್ಚನೆ, ತೇವ ಮತ್ತು ಆಹಾರ ಮೂರೂ ಒಂದೇ ಪೊಟ್ಟಣದಲ್ಲಿ ಒದಗುತ್ತವೆ. ರೊಟ್ಟಿ ಒದ್ದೆ, ಸಾಸ್ ನೀರು, ಮಾಂಸ ಉಗುರು ಬೆಚ್ಚಗೆ ಎಂಬ ಮೂರು ದೂರುಗಳ ಮೂಲ ಇದೇ.

ಆದ್ದರಿಂದ ಅಂಗಡಿಯಲ್ಲಿ ಒಂದು ಮಾತು ಹೇಳಿ: "ಸಾಸ್ ಬೇರೆ ಕಟ್ಟಿ, ಸೊಪ್ಪು ತರಕಾರಿ ಬೇರೆ ಕಟ್ಟಿ." ಬಿಸಿಯಾದದ್ದು ಬಿಸಿಯಾಗಿ, ತಣ್ಣನೆಯದು ತಣ್ಣಗೆ ಮನೆ ಸೇರಲಿ. ಸುತ್ತಿಕೊಳ್ಳುವ ಕೆಲಸ ಮನೆಯಲ್ಲೇ ಆಗಲಿ. ಮಕ್ಕಳಿಗೆ ಅದೊಂದು ಆಟವೂ ಆಗುತ್ತದೆ.

ಬಿಳಿ ಸಾಸ್‌ನ ಗುಟ್ಟು

ಲೆಬನಾನ್‌ನಲ್ಲಿ ಕೋಳಿ ಶವರ್ಮಾದ ಜತೆ ಕೊಡುವ ಬೆಳ್ಳುಳ್ಳಿ ಸಾಸ್‌ಗೆ 'ತೂಮ್' ಎಂದು ಹೆಸರು. ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಮತ್ತು ಎಣ್ಣೆಯನ್ನು ಅರೆದು ಕಡೆದು ಮಾಡುವ ಈ ಸಾಸ್‌ಗೆ ಸಾಂಪ್ರದಾಯಿಕವಾಗಿ ಮೊಟ್ಟೆ ಬೇಕಿಲ್ಲ. ನಮ್ಮಲ್ಲಿ ಬಹುತೇಕ ಅಂಗಡಿಗಳಲ್ಲಿ ಅದರ ಜಾಗವನ್ನು ಮಯೋನೀಸ್ ಆಕ್ರಮಿಸಿದೆ. ಹಸಿಮೊಟ್ಟೆಗೆ ಎಣ್ಣೆ ಸೇರಿಸಿ ಕಡೆಯುವ ಮಯೋನೀಸನ್ನು ಬೇಯಿಸುವುದೇ ಇಲ್ಲ. ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇದ್ದರೆ ಅದು ನೇರವಾಗಿ ಹೊಟ್ಟೆ ಸೇರುತ್ತದೆ.

ಈ ಕಾರಣದಿಂದಲೇ 2023ರ ಜನವರಿಯಲ್ಲಿ ಕೇರಳ ಸರ್ಕಾರ ಹಸಿಮೊಟ್ಟೆಯ ಮಯೋನೀಸನ್ನು ನಿಷೇಧಿಸಿತು. 2024ರ ಅಕ್ಟೋಬರಿನಲ್ಲಿ ತೆಲಂಗಾಣ, 2025ರ ಏಪ್ರಿಲಿನಲ್ಲಿ ತಮಿಳುನಾಡು ಒಂದು ವರ್ಷದ ಅವಧಿಗೆ ಅದೇ ಕ್ರಮ ಕೈಗೊಂಡವು. ನೀವು ತರಿಸುವಾಗ "ಇದು ಹಸಿಮೊಟ್ಟೆಯದೋ, ಮೊಟ್ಟೆಯಿಲ್ಲದ್ದೋ?" ಎಂದು ಕೇಳಲು ಸಂಕೋಚ ಬೇಡ. ಉತ್ತರ ಸ್ಪಷ್ಟವಿಲ್ಲದಿದ್ದರೆ ಸಾಸ್ ಬಿಟ್ಟುಬಿಡಿ. ಮನೆಯ ಗಟ್ಟಿ ಮೊಸರಿಗೆ ಒಂದೆಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಚಿಟಿಕೆ ಉಪ್ಪು ಬೆರೆಸಿದರೆ ಸೊಗಸಾದ ಬದಲಿ ಸಿದ್ಧ. ಮೆಡಿಟರೇನಿಯನ್ ದೇಶಗಳಲ್ಲೂ ಮೊಸರಿನ ಸಾಸ್‌ಗಳು ಬಳಕೆಯಲ್ಲಿವೆ.

ಸಸ್ಯಾಹಾರಿಗಳು ನಿಶ್ಚಿಂತರೆ?

ಪೂರ್ತಿಯಾಗಿ ಅಲ್ಲ. ನೆನೆಸಿದ ಕಾಬೂಲಿ ಕಡಲೆಯನ್ನು ರುಬ್ಬಿ, ಸೊಪ್ಪು ಸೇರಿಸಿ ಕರಿದ ಫಲಾಫೆಲ್ ನಮ್ಮ ಅಂಬೊಡೆಯ ದೂರದ ನೆಂಟ. ಬಾಣಲೆಯಿಂದ ಇಳಿದ ಕೂಡಲೇ ತಿಂದರೆ ಹೆಚ್ಚಿನ ಭಯವಿಲ್ಲ. ಆದರೆ ಬೇಯಿಸಿದ ಕಡಲೆ, ಎಳ್ಳಿನ ತಹಿನಿ, ನಿಂಬೆರಸ ಸೇರಿಸಿ ಅರೆಯುವ ಹಮ್ಮಸ್ ತೇವವಿರುವ ಪದಾರ್ಥ. ಅರೆದ ಮೇಲೆ ಅದನ್ನು ಮತ್ತೆ ಬೇಯಿಸುವುದಿಲ್ಲ. ಅದು ತಂಗಳು ಪೆಟ್ಟಿಗೆಯಲ್ಲೇ ಇರಬೇಕು. 2018ರಲ್ಲಿ ಅಮೆರಿಕದಲ್ಲಿ ಸಾಲ್ಮೊನೆಲ್ಲಾ ಸೇರಿದ ತಹಿನಿಯಿಂದ ಜನ ಕಾಯಿಲೆ ಬಿದ್ದದ್ದುಂಟು.

ಸೊಪ್ಪು, ಟೊಮೇಟೊ, ಗೋಧಿ ನುಚ್ಚಿನ ತಬೂಲೆಯಂಥ ಹಸಿ ಕೋಸಂಬರಿಗಳ ಸುರಕ್ಷತೆ ತೊಳೆದ ನೀರು ಮತ್ತು ಹೆಚ್ಚಿದ ಕೈಗಳನ್ನು ಅವಲಂಬಿಸಿದೆ. ಹಸಿ ಕೋಳಿ ಕತ್ತರಿಸಿದ ಹಲಗೆಯ ಮೇಲೆಯೇ ಎಲೆಕೋಸು ಹೆಚ್ಚುವುದು ಕಂಡರೆ, ಅಲ್ಲಿಂದ ಸದ್ದಿಲ್ಲದೆ ಹಿಂದಿರುಗುವುದೇ ಲೇಸು.

ಹೆಸರಿಗೆ ಮರುಳಾಗಬೇಡಿ

"ಮೆಡಿಟರೇನಿಯನ್ ಆಹಾರ ಹೃದಯಕ್ಕೆ ಒಳ್ಳೆಯದಂತೆ" ಎಂದು ಹಲವರು ಕೇಳಿರುತ್ತಾರೆ. ಅದು ನಿಜ. 1958ರಲ್ಲಿ ಆರಂಭವಾದ ಏಳು ದೇಶಗಳ ಅಧ್ಯಯನದಲ್ಲಿ ಗ್ರೀಸಿನ ಕ್ರೀಟ್ ದ್ವೀಪದ ಜನರಲ್ಲಿ ಹೃದಯಾಘಾತದ ಸಾವುಗಳು ಬಹಳ ಕಡಿಮೆಯಿದ್ದವು. ಆದರೆ ಅವರ ಊಟದಲ್ಲಿದ್ದುದು ಕಾಳು, ತರಕಾರಿ, ಹಣ್ಣು, ಧಾನ್ಯ, ಆಲಿವ್ ಎಣ್ಣೆ, ಮಾಂಸ ಅಪರೂಪ. ಮೈದಾ ರೊಟ್ಟಿ, ಮಯೋನೀಸ್, ಕರಿದ ಆಲೂಗೆಡ್ಡೆ, ಮೇಲೊಂದು ಕೋಲಾ ಸೇರಿದ ಪಾರ್ಸೆಲ್ಲಿಗೆ ಆ ಹೆಸರಿನ ಪುಣ್ಯ ಸಲ್ಲುವುದಿಲ್ಲ. ಅದೇ ಅಂಗಡಿಯಲ್ಲಿ ಹಮ್ಮಸ್, ಕೋಸಂಬರಿ, ಸುಟ್ಟ ಮಾಂಸ ಅಥವಾ ಮೀನು ಆರಿಸಿಕೊಂಡರೆ ಹೆಸರಿಗೆ ತಕ್ಕ ಊಟವಾದೀತು.

ಮನೆಗೆ ಬಂದ ಮೇಲೆ

ಬೆಂದ ಆಹಾರ ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಬಿಸಿಲು 32 ಡಿಗ್ರಿ ಮೀರಿದ ದಿನಗಳಲ್ಲಿ ಒಂದೇ ಗಂಟೆ. ನೆನಪಿಡಿ, ಗಡಿಯಾರ ಶುರುವಾಗುವುದು ಪೊಟ್ಟಣ ನಿಮ್ಮ ಬಾಗಿಲಿಗೆ ಬಂದಾಗಲ್ಲ, ಅಂಗಡಿಯಲ್ಲಿ ಕಟ್ಟಿದಾಗ. ಕೇರಳದಲ್ಲಿ 2023ರಲ್ಲಿ ಪಾರ್ಸೆಲ್ ಮೇಲೆ ತಯಾರಿಸಿದ ದಿನ, ಸಮಯ ಮತ್ತು ಯಾವ ವೇಳೆಯೊಳಗೆ ತಿನ್ನಬೇಕೆಂಬ ಚೀಟಿ ಅಂಟಿಸುವುದನ್ನು ಕಡ್ಡಾಯ ಮಾಡಿದರು. ನಿಮ್ಮ ಅಂಗಡಿಯವರು ಚೀಟಿ ಹಚ್ಚದಿದ್ದರೆ ಬಿಲ್ಲಿನ ಮೇಲಿನ ಸಮಯ ನೋಡಿ.

"ಉಳಿದದ್ದನ್ನು ಬಿಸಿ ಮಾಡಿ ಬೆಳಿಗ್ಗೆ ತಿನ್ನಬಹುದೆ?" ಇದು ಗೃಹಿಣಿಯರ ಸಾಮಾನ್ಯ ಪ್ರಶ್ನೆ. ಸಾಸ್ ಹಚ್ಚಿ ಸುತ್ತಿದ ಶವರ್ಮಾ ಉಳಿದರೆ ಎಸೆದುಬಿಡಿ. ಬೇರೆಯಾಗಿ ಕಟ್ಟಿಸಿ ತಂದ ಮಾಂಸವನ್ನು ಎರಡು ಗಂಟೆಯೊಳಗೆ ತಂಗಳು ಪೆಟ್ಟಿಗೆಯಲ್ಲಿಟ್ಟಿದ್ದರೆ, ಮಾರನೆಯ ದಿನ ಹಬೆಯಾಡುವಷ್ಟು ಬಿಸಿ ಮಾಡಿ ತಿನ್ನಬಹುದು. ಆದರೆ ಹೊರಗೆ ಬಹಳ ಹೊತ್ತು ಬಿಟ್ಟದ್ದನ್ನು ಬಿಸಿ ಮಾಡಿ ಪ್ರಯೋಜನವಿಲ್ಲ. ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಟ್ಟುಹೋದ ವಿಷ ಕುದಿಸಿದರೂ ಹೋಗುವುದಿಲ್ಲ. ಮೂಸಿ ನೋಡಿ ತೀರ್ಮಾನಿಸುವುದೂ ಸರಿಯಲ್ಲ. ಕಾಯಿಲೆ ತರುವ ಸೂಕ್ಷ್ಮಜೀವಿಗಳು ಹಲವು ಬಾರಿ ವಾಸನೆ, ರುಚಿ ಯಾವುದನ್ನೂ ಕೆಡಿಸುವುದಿಲ್ಲ.

ಕಾಯಿಲೆ ಬಂದರೆ

ಸ್ಟೆಫೈಲೊಕಾಕಸ್ ವಿಷವಾದರೆ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಸಾಲ್ಮೊನೆಲ್ಲಾ ಆರು ಗಂಟೆಯಿಂದ ಹಲವು ದಿನಗಳ ಬಳಿಕ ಕಾಣಿಸಬಹುದು. ಶಿಗೆಲ್ಲಾ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಜ್ವರ, ಹೊಟ್ಟೆನುಲಿತ, ರಕ್ತಭೇದಿ ತರುತ್ತದೆ. ಅದಕ್ಕೆ ಕೆಲವೇ ಬ್ಯಾಕ್ಟೀರಿಯಾ ಸಾಕು. ಮನೆಯ ಒಬ್ಬರಿಂದ ಇನ್ನೊಬ್ಬರಿಗೂ ಹರಡುತ್ತದೆ. ಸಾಬೂನಿನಿಂದ ಕೈ ತೊಳೆಯುವುದು ಮುಖ್ಯ.

ಮೊದಲ ಚಿಕಿತ್ಸೆ ನೀರು ಮತ್ತು ಲವಣ. ಓ.ಆರ್.ಎಸ್. ಪುಡಿ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಮಟ್ಟಸ ಟೀ ಚಮಚ ಉಪ್ಪು ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿ. ಭೇದಿ ನಿಲ್ಲಿಸುವ ಮಾತ್ರೆಗಳನ್ನು ಮಕ್ಕಳಿಗೆ, ರಕ್ತಭೇದಿ ಇರುವವರಿಗೆ ನೀವಾಗಿ ಕೊಡಬೇಡಿ. ಮಲದಲ್ಲಿ ರಕ್ತ, ತೀವ್ರ ಜ್ವರ, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಮಂಪರು, ಮಕ್ಕಳಲ್ಲಿ ಫಿಟ್ಸ್ – ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಏನು, ಎಷ್ಟು ಹೊತ್ತಿಗೆ, ಎಲ್ಲಿಂದ ತಂದು ತಿಂದಿರಿ ಎಂಬುದನ್ನು ವೈದ್ಯರಿಗೆ ತಿಳಿಸಿ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು, ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆ ಇರುವವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು.

ನೆನಪಿನಲ್ಲಿಡಿ

* ಅಂಗಡಿಯಲ್ಲಿ 14 ಅಂಕಿಗಳ ಆಹಾರ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇದೆಯೇ ನೋಡಿ. 2022ರ ಜನವರಿ 1ರಿಂದ ಅದು ಬಿಲ್ಲಿನ ಮೇಲೂ ಇರಬೇಕು.

* ಹೆರೆದ ಮಾಂಸವನ್ನು ಕಾವಲಿಯ ಮೇಲೆ ಮತ್ತೊಮ್ಮೆ ಹುರಿದು ಕೊಡಲು ಹೇಳಿ. ಕಚ್ಚಿದಾಗ ಒಳಗೆ ಹಸಿಯಾಗಿ, ಮೆತ್ತಗೆ ಕಂಡರೆ ಉಗಿದುಬಿಡಿ. ದುಡ್ಡಿನ ಮುಖ ನೋಡಬೇಡಿ.

* ಸಾಸ್, ಸೊಪ್ಪು ತರಕಾರಿ ಬೇರೆ ಬೇರೆ ಕಟ್ಟಿಸಿ.

* ದೂರದ ಅಂಗಡಿಗಿಂತ ಹತ್ತಿರದ ಅಂಗಡಿ ಲೇಸು. ತಂದ ಕೂಡಲೇ ತಿನ್ನಿ. ತಡವಾಗಿ ಬರುವವರ ಪಾಲನ್ನು ಮೇಜಿನ ಮೇಲೆ ಮುಚ್ಚಿಡಬೇಡಿ.

* ಹಳೆಯ ಪತ್ರಿಕೆಯಲ್ಲಿ ಆಹಾರ ಕಟ್ಟಿದರೆ ಬೇಡವೆನ್ನಿ. ಮುದ್ರಣದ ಶಾಯಿ ಹೊಟ್ಟೆಗೆ ಸೇರಬಾರದು. ಪತ್ರಿಕೆ ಇರುವುದು ಓದಲು.

* ಕೆಟ್ಟ ಆಹಾರ ಬಂದರೆ ಬಿಲ್ಲು ಇಟ್ಟುಕೊಂಡು ದೂರು ಕೊಡಿ. ಆಹಾರ ಸುರಕ್ಷತಾ ಪ್ರಾಧಿಕಾರದ ಉಚಿತ ದೂರವಾಣಿ 1800112100. ನಿಮ್ಮ ಒಂದು ದೂರು ನೆರೆಮನೆಯ ಮಗುವನ್ನು ಆಸ್ಪತ್ರೆಯಿಂದ ದೂರವಿಡಬಹುದು.