ಹಿಡಿಸಲಿಲ್ಲ ಎನ್ನಲು ಸಂಕೋಚವೇಕೆ?

ಮಗೂ,

ಓದುವುದರಲ್ಲಿ ನೀನು ಮುಂದು, ಓದಿದ್ದರ ಬಗ್ಗೆ ನಾಲ್ಕು ಸಾಲು ಬರೆ ಅಂದರೆ ಮಾತ್ರ "ವಿಮರ್ಶೆ ಬರೆಯೋಕೆ ನಾನ್ಯಾರು?" ಅಂತ ಜಾರಿಕೊಳ್ಳುತ್ತೀಯ. ಆ ಸಂಕೋಚ ಕೆಟ್ಟದ್ದೇನಲ್ಲ. ಅದು ಇಲ್ಲದವರು ಬರೆಯುವುದನ್ನು ದಿನಾ ನೋಡುತ್ತಿದ್ದೇವಲ್ಲ: 'ಒಂದೇ ಗುಕ್ಕಿಗೆ ಓದಿ ಮುಗಿಸಿದೆ', 'ಓದಿಸಿಕೊಂಡು ಹೋಗುತ್ತದೆ', 'ಸಂಗ್ರಹಯೋಗ್ಯ ಕೃತಿ'. ಈ ಮಾತುಗಳನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು, ಪುಟ ತಿರುವಲೂ ಬೇಕಿಲ್ಲ. ಹಾಗೆ ಬರೆಯುವುದಕ್ಕಿಂತ ಸುಮ್ಮನಿರುವುದೇ ವಾಸಿ.

ಆದರೆ ನಿನ್ನ ಹಿಂಜರಿಕೆಯ ಬೇರು ಬೇರೆಲ್ಲೋ ಇದೆ ಅಂತ ನನ್ನ ಗುಮಾನಿ. ಎಲ್ಲರೂ ಹೊಗಳಿದ ಕಾದಂಬರಿ ನಿನಗೆ ಹಿಡಿಸಿಲ್ಲ. ಹೇಳಿದರೆ ದಡ್ಡಿ ಅಂದಾರು ಅನ್ನುವ ಅಳುಕು. ಎಲ್ಲರಿಗೂ ಒಂದೇ ಕೃತಿ ಹಿಡಿಸಬೇಕೆಂದೇನೂ ಇಲ್ಲವಲ್ಲ. 'ಸಂಸ್ಕಾರ', 'ವಂಶವೃಕ್ಷ' ಎರಡೂ ಕಾದಂಬರಿಗಳು 1965ರಲ್ಲಿ ಬಂದವು. ಮೊದಲನೆಯದನ್ನು ನವ್ಯದ ವಿಮರ್ಶಕರು ಎತ್ತಿ ಹಿಡಿದರು. ಎರಡನೆಯದನ್ನು ಬರೆದ ಭೈರಪ್ಪನವರನ್ನು ಮನೆಮನೆಗೆ ಒಯ್ದವರು ಸಾಮಾನ್ಯ ಓದುಗರು. ಒಂದನ್ನು ಮೆಚ್ಚಿದರೆ ಇನ್ನೊಂದನ್ನು ಮೆಚ್ಚಬಾರದು ಅನ್ನುವ ಹಾಗೆ ಜಗಳವಾಡುವವರು ಈಗಲೂ ಸಿಗುತ್ತಾರೆ. ನನ್ನ ಪಕ್ಷಪಾತ ಹೇಳಿಬಿಡುತ್ತೇನೆ: 'ಸಂಸ್ಕಾರ'ದ ಪ್ರಾಣೇಶಾಚಾರ್ಯರಿಗಿಂತ 'ವಂಶವೃಕ್ಷ'ದ ಕಾತ್ಯಾಯನಿಯೇ ನನ್ನನ್ನು ಹೆಚ್ಚು ಕಾಡಿದವಳು. ಅದಕ್ಕೆ ಕಾರಣ ಕಾದಂಬರಿಯಲ್ಲಿದೆಯೋ ನನ್ನ ಬಾಳಿನಲ್ಲಿದೆಯೋ, ಬಿಡಿಸಿ ಹೇಳಲಾರೆ.

ಅಭಿರುಚಿಯ ಗುಟ್ಟು ಇರುವುದೇ ಅಲ್ಲಿ. ಟಾಲ್‌ಸ್ಟಾಯ್‌ಗೆ ಷೇಕ್ಸ್‌ಪಿಯರ್ ಕೊನೆಗೂ ಒಗ್ಗಲಿಲ್ಲ. ರಷ್ಯನ್, ಇಂಗ್ಲಿಷ್, ಜರ್ಮನ್ ಮೂರರಲ್ಲೂ ಓದಿ ನೋಡಿದ. ಎಪ್ಪತ್ತೈದರ ವಯಸ್ಸಿನಲ್ಲಿ ಮತ್ತೆ ಓದಿದ, ಆಗಲೂ ಬೇಸರವೇ. ಜಗತ್ತೆಲ್ಲ ತಲೆಯ ಮೇಲೆ ಹೊತ್ತ ಕವಿ ತನಗೆ ಹಿಡಿಸಲಿಲ್ಲ ಅಂತ ಅಳುಕದೆ ಬರೆದ. ಬರೀ ಹಿಡಿಸಲಿಲ್ಲ ಅಂದು ಕೈತೊಳೆದುಕೊಳ್ಳಲಿಲ್ಲ. 'ಕಿಂಗ್ ಲಿಯರ್' ನಾಟಕದ ಒಂದೊಂದೇ ದೃಶ್ಯ ಎತ್ತಿಕೊಂಡು ಎಲ್ಲೆಲ್ಲಿ ನಂಬಲಾಗಲಿಲ್ಲ ಅಂತ ತೋರಿಸಿದ. 1947ರಲ್ಲಿ ಜಾರ್ಜ್ ಆರ್ವೆಲ್ ಅದಕ್ಕೊಂದು ಉತ್ತರ ಬರೆದ. ಇದ್ದದ್ದನ್ನೆಲ್ಲ ಬಿಟ್ಟುಕೊಟ್ಟರೂ ನೆಮ್ಮದಿ ಕಾಣದ ಲಿಯರ್‌ಗೂ, ಆಸ್ತಿ ತೊರೆದು ಮುಪ್ಪಿನಲ್ಲಿ ಮನೆಬಿಟ್ಟು ಹೊರಟ ಟಾಲ್‌ಸ್ಟಾಯ್‌ಗೂ ಎಷ್ಟೊಂದು ಹೋಲಿಕೆ. ಆ ನಾಟಕದ ಮೇಲಿನ ಸಿಟ್ಟಿಗೆ ಅದೂ ಕಾರಣವಿರಬಹುದು ಅಂದ. ಟಾಲ್‌ಸ್ಟಾಯ್ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಆದರೂ ಅವನ ಪ್ರಬಂಧ ಓದುವಂಥದ್ದೇ. ದೃಶ್ಯ ತೋರಿಸಿ ಜಗಳವಾಡಿದ್ದರಿಂದಲೇ ನಲವತ್ತು ವರ್ಷದ ಮೇಲೆ ಆರ್ವೆಲ್‌ಗೆ ಉತ್ತರ ಕೊಡಲು ಏನಾದರೂ ಸಿಕ್ಕಿತು.

ಹಾಗಾಗಿ 'ಕೃತಿ ಸೋತಿದೆ' ಅಂತ ತೀರ್ಪು ಕೊಡುವ ಉಸಾಬರಿ ನಿನಗೆ ಬೇಡ. ಯಾವ ಪುಟದ ತನಕ ಆಸೆಯಿಂದ ಓದಿದೆ, ಎಲ್ಲಿ ಪಾತ್ರದ ಬಾಯಲ್ಲಿ ಲೇಖಕರೇ ಮಾತಾಡತೊಡಗಿದರು ಅನ್ನಿಸಿತು, ಅದನ್ನು ಬರೆ. ನಿನ್ನ ಒಲವು ಯಾವ ಕಡೆ ಅನ್ನುವುದನ್ನೂ ಮುಚ್ಚಿಡಬೇಡ. ಓದುವವರು ಅದನ್ನು ಕಳೆದು ಲೆಕ್ಕ ಹಾಕಿಕೊಳ್ಳುತ್ತಾರೆ. ಪರಿಚಯದವರು ಸಹಿ ಹಾಕಿ ಕೊಟ್ಟು 'ಅಭಿಪ್ರಾಯ ತಿಳಿಸಿ' ಅಂದರೆ ಅವರೆದುರಿಗೇ ಹೇಳು, ಊರಿಗೆಲ್ಲ ಸಾರಬೇಡ. ದಾಕ್ಷಿಣ್ಯಕ್ಕೆ ಹೊಗಳಲಂತೂ ಬೇಡ. ನಿನ್ನ ಮಾತು ನಂಬಿ ಯಾರೋ ಮುನ್ನೂರು ರೂಪಾಯಿ ಕೊಟ್ಟು ಆ ಪುಸ್ತಕ ಕೊಳ್ಳುತ್ತಾರೆ.

ಅರ್ಧಕ್ಕೆ ಮುಚ್ಚಿಟ್ಟಿದ್ದೀಯಲ್ಲ ಆ ಕಾದಂಬರಿ, ಯಾಕೆ ಮುಚ್ಚಿಟ್ಟೆ ಅಂತ ಒಂದು ಪುಟ ಬರೆದು ನನಗೆ ಕಳಿಸು.